ಬಸ್ಟರ್ ಕೀಟನ್‌ನ ಮುಖ ಕಲ್ಲಲ್ಲ

ಪ್ರತಿ ಬೇಸಿಗೆಯ ಅಭಿನಯ ಶಿಬಿರದಲ್ಲೂ ಇದೇ ಆಗುತ್ತದೆ. ಮೂರನೆಯ ದಿನ ಸಂಜೆ ಹುಡುಗರಿಗೆ ಅಮೆರಿಕದ ನಗೆನಟ ಬಸ್ಟರ್ ಕೀಟನ್‌ನ ಒಂದು ಮೂಕಿಚಿತ್ರ ತೋರಿಸುತ್ತೇನೆ. ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ನಿಲ್ಲಿಸಿದರೆ ಅರ್ಧಕ್ಕರ್ಧ ಜನ ಮುಖ ಬಿಗಿದು, ಕಣ್ಣು ಒಂದೇ ಕಡೆ ನೆಟ್ಟು, ಆಧಾರ್ ಕಾರ್ಡಿನ ಫೋಟೊಗೆ ಕೂತವರಂತೆ ನಿಂತಿರುತ್ತಾರೆ. "ಏನಪ್ಪಾ ಇದು?" ಅಂದರೆ, "ಕೀಟನ್ ಥರ ಸರ್. ಎಕ್ಸ್‌ಪ್ರೆಶನ್ ಕೊಡಬಾರದಲ್ವಾ?"

ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ, ಈಗಲೂ ರೇಗುತ್ತದೆ. ಹುಡುಗರ ಮೇಲಲ್ಲ, ಆ ಅಡ್ಡಹೆಸರಿನ ಮೇಲೆ. ಅಮೆರಿಕದವರು ಅವನನ್ನು 'ಮಹಾ ಕಲ್ಲುಮುಖ' ಎಂದು ಕರೆದರು. ಜಾಹೀರಾತಿಗೆ ಒಪ್ಪುವ ಹೆಸರು. ಕಲಿಯುವ ನಟರಿಗೆ ಮಾತ್ರ ಅದು ತುಂಬಾ ಕೆಡುಕು ಮಾಡಿದೆ. ಹೆಸರು ತಂದ ಚಿತ್ರಗಳಲ್ಲಿ ಕೀಟನ್ ನಗಲಿಲ್ಲ, ಅಷ್ಟು ನಿಜ. ನಗದ ಮುಖ ಬೇರೆ, ಖಾಲಿ ಮುಖ ಬೇರೆ. ಇವೆರಡೂ ಒಂದೇ ಅಂದುಕೊಂಡವರು ಅವನಿಂದ ಕಲಿಯಬೇಕಾದ್ದನ್ನೇ ಬಿಟ್ಟು ಮಿಕ್ಕದ್ದನ್ನೆಲ್ಲ ಕಲಿಯುತ್ತಾರೆ.

ಆ ಮುಖ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡಬೇಕು. 1895ರ ಅಕ್ಟೋಬರ್ 4ರಂದು ಕಾನ್ಸಾಸ್‌ನ ಪಿಕ್ವಾ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ. ಅದು ಅವನ ಸ್ವಂತ ಊರೇನಲ್ಲ. ಅಪ್ಪ ಜೋ, ಅಮ್ಮ ಮೈರಾ ಇಬ್ಬರೂ ಊರೂರು ತಿರುಗಿ ಔಷಧಿ ಮಾರುವ ತಂಡದಲ್ಲಿ ಜನ ಸೇರಿಸಲು ಆಟ ಕಟ್ಟುತ್ತಿದ್ದವರು. ತಂಡ ಅಲ್ಲಿದ್ದಾಗ ಮಗು ಆಯಿತು. ಐದು ತುಂಬುವ ಹೊತ್ತಿಗೆ ಹುಡುಗನೂ ರಂಗದ ಮೇಲಿದ್ದ. ಹಾಡು, ಕುಣಿತ, ದೊಂಬರಾಟ, ನಗೆ ಎಲ್ಲವನ್ನೂ ಒಂದೇ ಸಂಜೆಗೆ ಪೋಣಿಸಿ ತೋರಿಸುವ ವಾಡ್‌ವಿಲ್ ರಂಗಗಳಲ್ಲಿ 'ತ್ರೀ ಕೀಟನ್ಸ್' ಹೆಸರು ಮಾಡಿತು. ಆಟದ ಕತೆ ಇಷ್ಟೇ: ಮಗ ಕೆಣಕುತ್ತಾನೆ, ಅಪ್ಪ ಎತ್ತಿ ಎಸೆಯುತ್ತಾನೆ. ಎಸೆಯಲು ಅನುಕೂಲವಾಗಲೆಂದು ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಹಿಂದಿನ ಪರದೆಗೆ, ಸೈಡ್‌ವಿಂಗಿಗೆ, ಕೆಲವೊಮ್ಮೆ ವಾದ್ಯದವರು ಕೂರುವ ಗುಂಡಿಗೆ ಹೋಗಿ ಬೀಳುತ್ತಿದ್ದ. ಮಕ್ಕಳ ರಕ್ಷಣೆಯ ಸಂಘದವರು ಬೆನ್ನು ಹತ್ತಿದರು, ಅಧಿಕಾರಿಗಳು ಅಂಗಿ ಬಿಚ್ಚಿಸಿ ಮೈಮೇಲೆ ಬಾಸುಂಡೆ ಹುಡುಕಿದರು. ನ್ಯೂಯಾರ್ಕ್‌ನಲ್ಲಿ ಈ ಆಟಕ್ಕೆ ಎರಡು ವರ್ಷ ನಿಷೇಧವೂ ಬಿತ್ತು. ಅಪ್ಪ ನೋಯಿಸಲಿಲ್ಲ, ಬೀಳುವುದು ಹೇಗೆಂದು ಕಲಿಸಿದ ಎಂದೇ ಕೀಟನ್ ಕೊನೆಯವರೆಗೂ ಹೇಳಿದ. ಇವತ್ತು ಯಾವ ಮಗುವಿಗೂ ಹೀಗೆ ಮಾಡಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಅಲ್ಲೇ, ಆ ರಂಗದ ಮೇಲೇ, ಹುಡುಗನಿಗೆ ಒಂದು ಗುಟ್ಟು ತಿಳಿಯಿತು. ಬಿದ್ದು ಎದ್ದು ತಾನೂ ನಕ್ಕರೆ ಜನ ಕಡಿಮೆ ನಗುತ್ತಾರೆ. ಮುಖ ಗಂಭೀರವಾಗಿಟ್ಟಷ್ಟೂ ಹೆಚ್ಚು ನಗುತ್ತಾರೆ. ಮಗನ ತುಟಿ ಸಡಿಲವಾದರೆ ಅಪ್ಪ ಅಲ್ಲಿಂದಲೇ "ಮುಖ! ಮುಖ!" ಎಂದು ಗದರುತ್ತಿದ್ದನಂತೆ. ಇದು ಹೀಗೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹುಡುಗ ಅತ್ತರೆ ನಮಗೆ ಸಂಕಟವಾಗುತ್ತದೆ, ನಗು ಅಡಗುತ್ತದೆ. ನಕ್ಕರೆ, ಓಹೋ ಇದು ಆಟ, ಏನೂ ಆಗಿಲ್ಲ ಎಂದು ನಿರಾಳರಾಗುತ್ತೇವೆ, ಆಗಲೂ ನಗು ಅರ್ಧಕ್ಕೆ ನಿಲ್ಲುತ್ತದೆ. ಅಳದೆ ನಗದೆ, ಎದ್ದು, ಬಟ್ಟೆ ಕೊಡವಿ, ಮುಂದಿನ ಕೆಲಸಕ್ಕೆ ಹೋದರೆ? ಅವನಿಗೇನಾಯಿತು, ಏನನ್ನಿಸಿತು ಎಂದು ಲೆಕ್ಕ ಹಾಕುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ನಗು ಹುಟ್ಟುವುದು ಆ ಲೆಕ್ಕದಲ್ಲಿ.

1917ರಲ್ಲಿ ನ್ಯೂಯಾರ್ಕ್‌ನಲ್ಲಿ ಆಗಿನ ಹೆಸರಾಂತ ನಗೆನಟ ರಾಸ್ಕೊ ಆರ್ಬಕಲ್‌ನ ಚಿತ್ರತಂಡಕ್ಕೆ ಸೇರಿದ. ಸೇರಿದ ಹೊಸದರಲ್ಲೇ ಒಂದು ಕ್ಯಾಮೆರಾ ಕೇಳಿ ಪಡೆದು, ಕೋಣೆಗೆ ಒಯ್ದು, ಬಿಚ್ಚಿ, ಅದು ಹೇಗೆ ಓಡುತ್ತದೆಂದು ನೋಡಿ ಮತ್ತೆ ಜೋಡಿಸಿಟ್ಟನಂತೆ. 1920ರಲ್ಲಿ ತನ್ನದೇ ಸ್ಟುಡಿಯೊ. 19 ಕಿರುಚಿತ್ರ, ಆಮೇಲೆ 1923ರಿಂದ 1928ರೊಳಗೆ ಹತ್ತು ದೊಡ್ಡ ಚಿತ್ರ. ಅಷ್ಟು ಸಾಕು, ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ.

ನಾನು ತರಗತಿಯಲ್ಲಿ ತೋರಿಸುವುದು 'ದಿ ಜನರಲ್'. 1926ರಲ್ಲಿ ಆರೆಗನ್‌ನ ಕಾಟೇಜ್ ಗ್ರೋವ್ ಸುತ್ತ ಚಿತ್ರೀಕರಿಸಿದ್ದು. ಸುಟ್ಟ ಸೇತುವೆಯ ಮೇಲಿಂದ ನಿಜವಾದ ರೈಲು ಎಂಜಿನ್ ಹೊಳೆಗೆ ಬೀಳುವ ದೃಶ್ಯಕ್ಕೇ ಎಲ್ಲರೂ ಬೆರಗಾಗುತ್ತಾರೆ. ನಾನು ನಿಲ್ಲಿಸಿ ತೋರಿಸುವುದು ಬೇರೆ ಜಾಗ. ಕೀಟನ್ ನಟಿಸಿದ ಎಂಜಿನ್ ಚಾಲಕ ಜಾನಿಯನ್ನು ಸೈನ್ಯಕ್ಕೆ ತೆಗೆದುಕೊಂಡಿಲ್ಲ. ಮೆಚ್ಚಿದ ಹುಡುಗಿ, ಸಮವಸ್ತ್ರ ತೊಡುವವರೆಗೆ ನನ್ನ ಜೊತೆ ಮಾತಾಡಬೇಡ ಎಂದು ಹೋಗಿದ್ದಾಳೆ. ಅವನು ಬಂದು ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಉದ್ದನೆಯ ಕಬ್ಬಿಣದ ತೋಳಿನ ಮೇಲೆ ಕೂರುತ್ತಾನೆ. ಎಂಜಿನ್ ಹೊರಡುತ್ತದೆ. ತೋಳು ಅವನನ್ನು ಮೇಲೆತ್ತುತ್ತದೆ, ಕೆಳಗಿಳಿಸುತ್ತದೆ, ಮತ್ತೆ ಎತ್ತುತ್ತದೆ. ಅವನಿಗೆ ಗೊತ್ತೇ ಆಗುವುದಿಲ್ಲ. ಶೆಡ್ಡಿನೊಳಗೆ ಹೋಗುವ ಕೊನೆಯ ಕ್ಷಣದಲ್ಲಷ್ಟೇ ಅರಿವಾಗುತ್ತದೆ.

ಇಲ್ಲಿ ದುಃಖ ಎಲ್ಲಿದೆ? ಕೇಳಿದರೆ ಹುಡುಗರು, "ಮುಖದಲ್ಲಿಲ್ಲ ಸರ್" ಅನ್ನುತ್ತಾರೆ. ಹಾಗಾದರೆ ನಿಮಗೆ ದುಃಖವಾಯಿತಲ್ಲ, ಅದು ಬಂದದ್ದೆಲ್ಲಿಂದ? ಇಳಿಬಿದ್ದ ಹೆಗಲಿನಿಂದ. ಮಂಡಿಗಳ ನಡುವೆ ನೋಡುತ್ತಿರುವ ಕಣ್ಣಿನಿಂದ. ತಾನು ಗಾಳಿಯಲ್ಲಿ ಮೇಲೆ ಕೆಳಗೆ ಹೋಗುತ್ತಿದ್ದರೂ ತಿಳಿಯದಷ್ಟು ಆಳದಲ್ಲಿ ಅವನು ಇದ್ದಾನೆ ಎಂಬುದರಿಂದ. ಅಲುಗಾಡುವ ಕೆಲಸವನ್ನೆಲ್ಲ ಎಂಜಿನ್ನಿಗೆ ಬಿಟ್ಟು ಅವನು ಸುಮ್ಮನೆ ಕೂತ. ಮುಖ ಹಿಂಡಿ ಅತ್ತಿದ್ದರೆ ನಮ್ಮ ಕಣ್ಣು ಮುಖಕ್ಕೆ ಹೋಗುತ್ತಿತ್ತು, ಆ ತೋಳು ಕೇವಲ ಒಂದು ಚಮತ್ಕಾರವಾಗಿ ಉಳಿಯುತ್ತಿತ್ತು.

ಅದೇ ಚಿತ್ರದಲ್ಲಿ ಮುಂದೆ, ಹಳಿಯ ಮೇಲೆ ಅಡ್ಡ ಬಿದ್ದಿರುವ ಮರದ ದಿಮ್ಮಿಯನ್ನು ಸರಿಸಬೇಕು, ಓಡುವ ಎಂಜಿನ್ನಿನ ಮುಂದೆ ಕೂತಿದ್ದಾನೆ, ಕೈಯಲ್ಲಿ ಇನ್ನೊಂದು ದಿಮ್ಮಿ. ಅದನ್ನೆತ್ತಿ ಹಳಿಯ ಮೇಲಿರುವುದರ ತುದಿಗೆ ಎಸೆಯುತ್ತಾನೆ, ಎರಡೂ ಎಗರಿ ಪಕ್ಕಕ್ಕೆ ಬೀಳುತ್ತವೆ. ಎಸೆಯುವ ಮುಂಚಿನ ಆ ಕಣ್ಣುಗಳನ್ನು ನೋಡಿ. ಅಳತೆ ಮಾಡುತ್ತಿವೆ. ಅದು ಕಲ್ಲಿನ ಮುಖವೇ?

ಇನ್ನೂ ನಂಬದವರಿಗೆ ನಾನೊಂದು ಅಭ್ಯಾಸ ಕೊಡುತ್ತೇನೆ. ಸೂಜಿ, ದಾರ ಕೊಟ್ಟು ಪೋಣಿಸಲು ಹೇಳುತ್ತೇನೆ. ನಟಿಸಬೇಡಿ, ನಿಜವಾಗಿ ಪೋಣಿಸಿ. ಉಳಿದವರು ಅವರ ಮುಖ ನೋಡಬೇಕು. ದಾರ ತಪ್ಪುತ್ತದೆ, ತುದಿ ಒದ್ದೆ ಮಾಡಿಕೊಳ್ಳುತ್ತಾರೆ, ಮತ್ತೆ ಹಿಡಿಯುತ್ತಾರೆ. ಹುಬ್ಬು ಕುಣಿಯುವುದಿಲ್ಲ, ತುಟಿ ಅಲುಗುವುದಿಲ್ಲ, ಆದರೂ ಆ ಮುಖದಿಂದ ಕಣ್ಣು ಕೀಳಲಾಗುವುದಿಲ್ಲ. ಗಮನ ತುಂಬಿದ ಮುಖ ಅದು. ಕೀಟನ್‌ನದ್ದು ಅದೇ ಮುಖ. ಅವನ ಮುಂದೆ ಯಾವಾಗಲೂ ಒಂದು ಕೆಲಸ ಇರುತ್ತದೆ, ಅದು ಕೆಟ್ಟಿರುತ್ತದೆ, ಅದನ್ನು ಸರಿಮಾಡುವುದು ಹೇಗೆಂದು ಯೋಚಿಸುತ್ತಿರುತ್ತಾನೆ. ಭಾವವನ್ನು ತಡೆದು ನಿಲ್ಲಿಸಿದ್ದಲ್ಲ, ಭಾವ ತೋರಿಸಲು ಅವನಿಗೆ ಪುರುಸೊತ್ತಿಲ್ಲ. ನಮ್ಮ ಹುಡುಗರು ಸ್ನಾಯು ಬಿಗಿಯುತ್ತಾರೆ. ಬಿಗಿದ ಕೂಡಲೇ ಗಮನ ಆ ಬಿಗಿತಕ್ಕೇ ಹೋಗುತ್ತದೆ, ಮುಖ ಸತ್ತುಹೋಗುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಎದುರಿಟ್ಟುಕೊಂಡು ಅಭ್ಯಾಸ ಮಾಡುವವರಿಗಂತೂ ಇದು ಬಿಡದ ರೋಗ. ನಮ್ಮಲ್ಲಿ ಮೈಯ ಚಲನೆಯ ಅಭಿನಯಕ್ಕೆ ಆಂಗಿಕ, ಒಳಗಿನ ಭಾವದಿಂದ ಹೊಮ್ಮುವುದಕ್ಕೆ ಸಾತ್ತ್ವಿಕ ಎಂದು ಬೇರೆ ಬೇರೆ ಹೆಸರಿಟ್ಟಿದ್ದೇವಲ್ಲ, ಆ ಲೆಕ್ಕದಲ್ಲಿ ಹೇಳುವುದಾದರೆ ಕೀಟನ್ ಕೈಬಿಟ್ಟದ್ದು ಮುಖದ ಆಂಗಿಕವನ್ನು ಮಾತ್ರ, ಅದೂ ಪೂರ್ತಿಯಾಗಿ ಅಲ್ಲ.

ಮುಖ ಅಷ್ಟು ಸುಮ್ಮನಿದ್ದುದಕ್ಕೆ ಇನ್ನೊಂದು ಕಾರಣ ಕ್ಯಾಮೆರಾದ ದೂರ. ಕೀಟನ್ ಸಾಹಸಗಳನ್ನು ತಲೆಯಿಂದ ಕಾಲಿನವರೆಗೆ ಕಾಣುವಂತೆ, ಸಾಧ್ಯವಾದಷ್ಟೂ ಕತ್ತರಿಸದೆ ತೋರಿಸುತ್ತಿದ್ದ. ಮಧ್ಯೆ ಕತ್ತರಿಸಿದರೆ ಇದು ಮೋಸ ಎಂದು ಜನ ಅಂದುಕೊಳ್ಳುತ್ತಾರೆ. ಅಷ್ಟು ದೂರದಲ್ಲಿ ನಿಂತವನಿಗೆ ಹುಬ್ಬಿಗಿಂತ ಬೆನ್ನು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಈ ಪಾಠ ಎಲ್ಲ ಪಾತ್ರಕ್ಕೂ ಸಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಕಂಪನಿ ನಾಟಕದ ರಂಗದಲ್ಲಿ, ಹಿಂದಿನ ಬೆಂಚಿನವರೆಗೆ ತಲುಪಬೇಕಾದ ಕಡೆ ಮುಖ ಬೇರೆ ರೀತಿ ದುಡಿಯಬೇಕು. ಸಾಹಸಗಳನ್ನಂತೂ ಯಾರೂ ಅನುಕರಿಸಬೇಡಿ. 1924ರ 'ಷರ್ಲಾಕ್ ಜೂನಿಯರ್'ನಲ್ಲಿ ನೀರಿನ ತೊಟ್ಟಿಯಿಂದ ಧುಮ್ಮಿಕ್ಕಿದ ನೀರು ಅವನನ್ನು ಹಳಿಯ ಮೇಲೆ ಕೆಡವಿತು. ಕೆಲವು ದಿನ ತಲೆನೋವು ಎಂದುಕೊಂಡು ಕೆಲಸ ಮುಂದುವರಿಸಿದ. ಕತ್ತಿನ ಮೂಳೆ ಮುರಿದಿತ್ತೆಂದು ಗೊತ್ತಾದದ್ದು ವರ್ಷಗಳ ನಂತರ, ಬೇರಾವುದಕ್ಕೋ ಎಕ್ಸ್‌ರೇ ತೆಗೆದಾಗ. ಐದನೆಯ ವಯಸ್ಸಿನಿಂದ ಬೀಳುವುದನ್ನೇ ಕಲಿತವನಿಗೇ ಹೀಗಾಯಿತು. ಹೋದ ವರ್ಷ ಒಬ್ಬ ಹುಡುಗ ರೀಲ್ಸ್‌ಗೆಂದು ಶಿಬಿರದ ಮೊದಲನೆ ಮಹಡಿಯ ಕಿಟಕಿಗೆ ಕಾಲು ಹಾಕಿದ್ದ. ಆ ದಿನ ನನ್ನ ಎದೆ ನಡುಗಿದ್ದು ಸಂಜೆಯವರೆಗೂ ನಿಲ್ಲಲಿಲ್ಲ.

ಟಾಕಿ ಬಂದು ಅವನು ಮುಗಿದ ಎಂಬ ಮಾತನ್ನೂ ಕೇಳುತ್ತೇನೆ. ಧ್ವನಿಗೆ ಏನೂ ಆಗಿರಲಿಲ್ಲ. 1928ರಲ್ಲಿ ಸ್ವಂತ ಸ್ಟುಡಿಯೊ ಬಿಟ್ಟು ಎಂಜಿಎಂ ಎಂಬ ದೊಡ್ಡ ಚಿತ್ರಸಂಸ್ಥೆಗೆ ಹೋದ. ಬೇಡ ಎಂದು ಚಾಪ್ಲಿನ್ ಕೂಡ ಹೇಳಿದ್ದ. ಅಲ್ಲಿ ಬರೆದುಕೊಟ್ಟದ್ದನ್ನು ಮಾಡಬೇಕು, ಸ್ಥಳದಲ್ಲೇ ಯೋಚಿಸಿ ಕಟ್ಟುವ ಅವನ ರೀತಿಗೆ ಜಾಗವಿರಲಿಲ್ಲ. ಕುಡಿತ, ವಿಚ್ಛೇದನ, 1933ರಲ್ಲಿ ಕೆಲಸ ಹೋಯಿತು. ಆಮೇಲೆ ಬೇರೆಯವರ ಚಿತ್ರಗಳಿಗೆ ನಗೆಪ್ರಸಂಗ ಹೊಸೆದುಕೊಟ್ಟು ಬದುಕಿದ. 1940ರಲ್ಲಿ ಎಲೀನರ್ ನಾರಿಸ್‌ಳನ್ನು ಮದುವೆಯಾದ ಮೇಲೆ ಬಾಳು ನೆಟ್ಟಗಾಯಿತು. ಹಳೆಯ ಚಿತ್ರಗಳು ಮತ್ತೆ ಹೊರಬಂದು, 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದನ್ನು ಕಣ್ಣಾರೆ ಕಂಡು, 1966ರ ಫೆಬ್ರವರಿ 1ರಂದು ತೀರಿಕೊಂಡ.

ಅದಕ್ಕೆ ಮುಂಚೆ, 1964ರ ಬೇಸಿಗೆಯಲ್ಲಿ, ನಾಟಕಕಾರ ಸ್ಯಾಮುಯೆಲ್ ಬೆಕೆಟ್ ಬರೆದ ಒಂದು ಕಿರುಚಿತ್ರದಲ್ಲಿ ನಟಿಸಿದ. ಆಗ 68 ವರ್ಷ. ಹೆಚ್ಚೂಕಡಿಮೆ ಇಡೀ ಚಿತ್ರ ಕ್ಯಾಮೆರಾ ಅವನ ಬೆನ್ನ ಹಿಂದೆಯೇ ಇರುತ್ತದೆ, ಮುಖ ಕಾಣುವುದು ಕೊನೆಗೆ. ಮುಖವೇ ಇಲ್ಲದೆ, ಹೆಗಲು, ಟೋಪಿ, ಗೋಡೆ ಸವರಿಕೊಂಡು ಓಡುವ ಓಟ, ಇಷ್ಟರಲ್ಲೇ ಆ ಮುದುಕನ ಭಯ ನಮಗೆ ತಾಗುತ್ತದೆ. ಕಲ್ಲುಮುಖ ಎನ್ನುವವರಿಗೆ ಇದನ್ನೇ ತೋರಿಸಬೇಕು.

ಕಳೆದ ಶಿಬಿರದಲ್ಲಿ ಚಳ್ಳಕೆರೆ ಕಡೆಯ ಹುಡುಗಿಯೊಬ್ಬಳಿದ್ದಳು. ನಾಲ್ಕನೆಯ ದಿನ ಅವಳೂ ಎಲ್ಲರಂತೆ ಮುಖ ಬಿಗಿದು ನಿಂತಿದ್ದಳು. ಕೊನೆಯ ದಿನ, ಹಳ್ಳಿಗೆ ಹೋಗುವ ರಾತ್ರಿ ಬಸ್ಸಿಗೆ ಕಾಯುವ ಪ್ರಸಂಗ ಮಾಡಿದಳು. ಬಸ್ಸು ಬರುತ್ತದೆ, ಕೈ ಅಡ್ಡ ಹಾಕುತ್ತಾಳೆ, ನಿಲ್ಲಿಸದೆ ಹೋಗುತ್ತದೆ. ಎತ್ತಿದ ಕೈ ಇಳಿಸಲಿಲ್ಲ, ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಚೀಲವನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಹಾಕಿಕೊಂಡು ರಸ್ತೆಯ ಇನ್ನೊಂದು ತುದಿಗೆ ತಿರುಗಿದಳು. ಮೊದಲು ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು. "ಆಗ ಮುಖದಲ್ಲಿ ಏನು ಮಾಡಿದೆ ಮಗಾ?" ಎಂದು ಕೇಳಿದೆ.

"ಏನೂ ಮಾಡ್ಲಿಲ್ಲ ಸರ್," ಅಂದಳು. "ನಡ್ಕೊಂಡು ಹೋದ್ರೆ ಎಷ್ಟೊತ್ತಾಗುತ್ತೆ ಅಂತ ಲೆಕ್ಕ ಹಾಕ್ತಿದ್ದೆ."