ಎನ್‌ಕೋಡರ್‌ಗೆ ಗಾತ್ರ ಹೇಳಬೇಡಿ, ಗುಣಮಟ್ಟ ಹೇಳಿ

ಸಂಕೋಚನವೇ ಇಲ್ಲದ ವಿಡಿಯೊ ಎಷ್ಟು ಜಾಗ ತಿನ್ನುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದವರಿಗೆ ವಿಡಿಯೊವನ್ನು ಕುಗ್ಗಿಸಿ ಫೈಲಾಗಿಸುವ ತಂತ್ರಾಂಶವಾದ ಎನ್‌ಕೋಡರ್ ಮಾಡುವ ಕೆಲಸದ ಭಾರ ಅರ್ಥವಾಗುತ್ತದೆ. ಅಗಲಕ್ಕೆ 1920, ಎತ್ತರಕ್ಕೆ 1080 ಪಿಕ್ಸೆಲ್ ಇರುವ ಒಂದು ಫ್ರೇಮಿನಲ್ಲಿ ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಒಂದೊಂದರ ಕೆಂಪು, ಹಸಿರು, ನೀಲಿ ಅಂಶಗಳಿಗೆ ತಲಾ ಒಂದು ಬೈಟ್ ಹಿಡಿದರೆ ಫ್ರೇಮಿಗೆ ಸುಮಾರು 62 ಲಕ್ಷ ಬೈಟ್ ಆಯಿತು. ಸೆಕೆಂಡಿಗೆ 30 ಫ್ರೇಮಿನಂತೆ ಒಂದು ಗಂಟೆಯ ವಿಡಿಯೊಗೆ ಸುಮಾರು 670 ಜಿಬಿ ಬೇಕು. ಅದೇ ಒಂದು ಗಂಟೆಯನ್ನು ನಾವು 2 ಜಿಬಿಯ ಫೈಲಿನಲ್ಲಿ ನೋಡಿ ಚಿತ್ರ ಚೆನ್ನಾಗಿದೆ ಎನ್ನುತ್ತೇವೆ. ಮುನ್ನೂರು ಪಾಲಿನಲ್ಲಿ ಒಂದು ಪಾಲನ್ನಷ್ಟೇ ಉಳಿಸಿಕೊಂಡರೂ ಕಣ್ಣಿಗೆ ಕೊರತೆ ಕಾಣದಂತೆ ಮಾಡುವ ಈ ಕೆಲಸದಲ್ಲಿ, ಎಷ್ಟನ್ನು ಬಿಟ್ಟುಕೊಡಬಹುದು ಮತ್ತು ಬಿಡುವುದನ್ನು ಹುಡುಕಲು ಎಷ್ಟು ಹೊತ್ತು ಕೊಡಬಹುದು ಎಂಬ ಎರಡು ನಿರ್ಧಾರಗಳು ನಮ್ಮ ಕೈಯಲ್ಲಿವೆ. ಫೈಲಿನ ಗಾತ್ರ ಆ ಎರಡರಿಂದಲೂ ವಿಡಿಯೊದ ಸ್ವಭಾವದಿಂದಲೂ ಹುಟ್ಟುವ ಫಲ. ಬಹಳ ಮಂದಿ ಫಲವನ್ನೇ ಮೊದಲು ನಿಗದಿಪಡಿಸಲು ಹೋಗಿ ಚಿತ್ರವನ್ನು ಕೆಡಿಸಿಕೊಳ್ಳುತ್ತಾರೆ.

ಎನ್‌ಕೋಡಿಂಗ್‌ನಲ್ಲಿ ಮೊದಲು ಕೈಬಿಡುವುದು ಬಣ್ಣದ ಸೂಕ್ಷ್ಮವನ್ನು. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಹಾಗಾಗಿ ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿಸಿ ಒಮ್ಮೆಯೂ ದಾಖಲಿಸುವ 4:2:0 ಪದ್ಧತಿಯಲ್ಲಿ ಅರ್ಧದಷ್ಟು ಮಾಹಿತಿ ಆರಂಭದಲ್ಲೇ ಇಳಿದುಹೋಗುತ್ತದೆ. ಅದಕ್ಕಿಂತ ದೊಡ್ಡ ಉಳಿತಾಯ ಕಾಲದಿಂದ ಬರುತ್ತದೆ. ಒಂದು ಫ್ರೇಮಿಗೂ ಅದರ ಮುಂದಿನದಕ್ಕೂ ಸಾಮಾನ್ಯವಾಗಿ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ಆದ್ದರಿಂದ ಎನ್‌ಕೋಡರ್ ಚಿತ್ರವನ್ನು ಚೌಕಗಳಾಗಿ ಒಡೆದು, ಈ ಚೌಕದಂಥದ್ದು ಹಿಂದಿನ ಅಥವಾ ಮುಂದಿನ ಯಾವ ಫ್ರೇಮಿನಲ್ಲಿ, ಯಾವ ಜಾಗದಲ್ಲಿ ಇತ್ತು ಎಂದು ಹುಡುಕುತ್ತದೆ. ಸಿಕ್ಕಿದರೆ ಚಿತ್ರದ ಬದಲು ವಿಳಾಸವನ್ನು ಬರೆದುಕೊಳ್ಳುತ್ತದೆ. ವಿಳಾಸದಿಂದ ತಂದ ಚೌಕಕ್ಕೂ ನಿಜವಾದ ಚೌಕಕ್ಕೂ ಉಳಿದ ವ್ಯತ್ಯಾಸವನ್ನು, ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ 1974ರಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಪರಿವರ್ತನೆಯ ಬಗೆಯ ಗಣಿತದಿಂದ ಒರಟು ಅಂಶ, ನವುರು ಅಂಶ ಎಂದು ವಿಂಗಡಿಸಲಾಗುತ್ತದೆ. ಆಮೇಲೆ ಆ ಸಂಖ್ಯೆಗಳನ್ನು ಒಂದು ಅಳತೆಗೋಲಿನ ಮೆಟ್ಟಿಲುಗಳಿಗೆ ದುಂಡಾಗಿಸುತ್ತಾರೆ. ಇದಕ್ಕೆ ಕ್ವಾಂಟೈಸೇಶನ್ ಎಂದು ಹೆಸರು. ಮೆಟ್ಟಿಲು ದೊಡ್ಡದಾದಷ್ಟೂ ನವುರು ಅಂಶಗಳು ಸೊನ್ನೆಯಾಗುತ್ತ ಹೋಗುತ್ತವೆ, ಫೈಲು ಚಿಕ್ಕದಾಗುತ್ತದೆ. ಮರಳಿ ಪಡೆಯಲಾಗದಂತೆ ವಿವರ ಕಳೆದುಹೋಗುವುದು ಮುಖ್ಯವಾಗಿ ಈ ಹಂತದಲ್ಲಿ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು, ಏಕೆಂದರೆ ವೇಗದ ವಿಚಾರವೆಲ್ಲ ಇದರ ಮೇಲೆ ನಿಂತಿದೆ. ವಿಡಿಯೊ ಸಂಕೋಚನದ ಮಾನದಂಡಗಳಾದ, 2003ರಲ್ಲಿ ಅಂಗೀಕಾರಗೊಂಡ ಎಚ್.264 ಆಗಲಿ, 2013ರ ಎಚ್.265 ಆಗಲಿ, ಎನ್‌ಕೋಡರ್ ಹೇಗೆ ಕೆಲಸ ಮಾಡಬೇಕೆಂದು ವಿಧಿಸುವುದಿಲ್ಲ. ಫೈಲಿನೊಳಗಿನ ಬರವಣಿಗೆಯ ವ್ಯಾಕರಣ ಏನು, ಅದನ್ನು ಡಿಕೋಡರ್ ಹೇಗೆ ಓದಬೇಕು ಎಂಬುದಷ್ಟೇ ಆ ಮಾನದಂಡಗಳಲ್ಲಿದೆ. ವ್ಯಾಕರಣ ಒಂದೇ ಆದರೂ ಒಬ್ಬರು ನಾಲ್ಕು ಸಾಲಿನಲ್ಲಿ ಹೇಳುವುದನ್ನು ಇನ್ನೊಬ್ಬರು ಒಂದೇ ಸಾಲಿನಲ್ಲಿ ಹೇಳುವಂತೆ, ಒಂದೇ ಮಾನದಂಡದ ಎರಡು ಎನ್‌ಕೋಡರ್‌ಗಳು, ಅಥವಾ ಒಂದೇ ಎನ್‌ಕೋಡರಿನ ಎರಡು ಹೊಂದಿಕೆಗಳು, ಬೇರೆ ಬೇರೆ ಗಾತ್ರದ ಫೈಲುಗಳನ್ನು ಕೊಡುತ್ತವೆ. ಚುಟುಕಾಗಿ ಹೇಳಲು ಹೆಚ್ಚು ಯೋಚಿಸಬೇಕು. ಆ ಯೋಚನೆಗೆ ಎಷ್ಟು ಸಮಯ ಎಂಬುದನ್ನು ನಿಗದಿ ಮಾಡುವುದೇ ಪ್ರಿಸೆಟ್.

ಎಚ್.264ಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಎಕ್ಸ್264 ಎಂಬ ಮುಕ್ತ ಎನ್‌ಕೋಡರಿನಲ್ಲಿ ಅಲ್ಟ್ರಾಫಾಸ್ಟ್‌ನಿಂದ ಪ್ಲಸೀಬೊವರೆಗೆ ಹತ್ತು ಪ್ರಿಸೆಟ್‌ಗಳಿವೆ. ನಾವು ಏನೂ ಹೇಳದಿದ್ದರೆ ಮೀಡಿಯಂ. ಮೀಡಿಯಂನಲ್ಲಿ ಒಂದು ಚೌಕದ ಜೋಡಿಯನ್ನು 3 ಉಲ್ಲೇಖ ಫ್ರೇಮ್‌ಗಳವರೆಗೆ (ಅಂದರೆ ಹೋಲಿಕೆಗೆಂದು ನೆನಪಿನಲ್ಲಿಟ್ಟುಕೊಂಡ ಫ್ರೇಮ್‌ಗಳವರೆಗೆ) ಹುಡುಕಿದರೆ, ವೆರಿಸ್ಲೋನಲ್ಲಿ 16ರವರೆಗೆ ಹುಡುಕುತ್ತದೆ. ಸುತ್ತಮುತ್ತ ಇನ್ನೂ ದೂರ ಹೋಗಿ ನೋಡುತ್ತದೆ, ಪಿಕ್ಸೆಲ್‌ನ ಕಾಲುಭಾಗದಷ್ಟು ಸರಿದಾಡಿದ್ದನ್ನೂ ಹೆಚ್ಚು ತಾಳ್ಮೆಯಿಂದ ಪರೀಕ್ಷಿಸುತ್ತದೆ. ಅಲ್ಟ್ರಾಫಾಸ್ಟ್ ಇದಕ್ಕೆ ತದ್ವಿರುದ್ಧ. ಹಿಂದಿನ ಮತ್ತು ಮುಂದಿನ ಫ್ರೇಮ್‌ಗಳೆರಡರಿಂದಲೂ ಊಹಿಸುವ ಬಿ-ಫ್ರೇಮ್‌ಗಳನ್ನು ಅದು ಬಳಸುವುದೇ ಇಲ್ಲ, ಚೌಕಗಳ ಅಂಚುಗಳನ್ನು ಮೆದುಗೊಳಿಸುವ ಫಿಲ್ಟರನ್ನೂ ಬಿಟ್ಟುಬಿಡುತ್ತದೆ, ಕೊನೆಯಲ್ಲಿ ಬಿಟ್‌ಗಳನ್ನು ಒತ್ತಾಗಿ ಜೋಡಿಸುವ ಉತ್ತಮ ವಿಧಾನವನ್ನೂ ಕೈಬಿಡುತ್ತದೆ. ನೇರ ಪ್ರಸಾರಕ್ಕೆ, ಪರದೆಯನ್ನು ರೆಕಾರ್ಡ್ ಮಾಡುವುದಕ್ಕೆ ಅದು ಸರಿಯಾದ ಆಯ್ಕೆ. ಇಟ್ಟುಕೊಳ್ಳುವ ಫೈಲಿಗೆ ಅಲ್ಲ. ಇನ್ನೊಂದು ತುದಿಯ ಪ್ಲಸೀಬೊಗೆ ಔಷಧವಿಲ್ಲದ ಗುಳಿಗೆಯ ಹೆಸರನ್ನು ಇಟ್ಟಿರುವುದು ಸಕಾರಣವಾಗಿಯೇ: ವೆರಿಸ್ಲೋಗಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಂಡರೂ ಅದರಿಂದ ಸಿಗುವ ಲಾಭ ಕಣ್ಣಿಗೆ ಕಾಣುವಂಥದ್ದಲ್ಲ. ಪ್ರಿಸೆಟ್‌ಗಳ ಏಣಿಯಲ್ಲಿ ಪ್ರತಿ ಮೆಟ್ಟಿಲಿಗೂ ಸಮಯ ಏರುತ್ತ ಹೋಗುತ್ತದೆ, ಉಳಿತಾಯ ಕರಗುತ್ತ ಬರುತ್ತದೆ. ಒಮ್ಮೆ ಎನ್‌ಕೋಡ್ ಮಾಡಿ ವರ್ಷಗಟ್ಟಲೆ ಇಟ್ಟುಕೊಳ್ಳುವುದಾದರೆ ಸ್ಲೋ ಎಂಬಲ್ಲಿ ನಿಲ್ಲುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವೆರಿಸ್ಲೋನ 16 ಉಲ್ಲೇಖ ಫ್ರೇಮ್‌ಗಳಿಗೆ ಇನ್ನೊಂದು ತೊಡಕೂ ಉಂಟು. 1080ಪಿ ವಿಡಿಯೊದಲ್ಲಿ ಎಚ್.264ರ ಸಾಮರ್ಥ್ಯದ ಶ್ರೇಣಿಗಳಲ್ಲಿ ಲೆವೆಲ್ 4.1ಕ್ಕೆ ಸೀಮಿತವಾದ ಹಳೆಯ ಪ್ಲೇಯರ್‌ಗಳು 4 ಉಲ್ಲೇಖ ಫ್ರೇಮ್‌ಗಳಿಗಿಂತ ಹೆಚ್ಚಿಗೆ ಬದ್ಧವಾಗಿರುವುದಿಲ್ಲ, ಅಂಥವುಗಳಲ್ಲಿ ಫೈಲು ತಡವರಿಸಬಹುದು.

ಗುಣಮಟ್ಟವನ್ನು ಹೇಳುವ ಗುಂಡಿ ಸಿಆರ್‌ಎಫ್ (ಕಾನ್‌ಸ್ಟಂಟ್ ರೇಟ್ ಫ್ಯಾಕ್ಟರ್). ಇಷ್ಟು ಬಿಟ್‌ಗಳಲ್ಲಿ ಮುಗಿಸು ಎನ್ನುವ ಬದಲು, ಚಿತ್ರ ಉದ್ದಕ್ಕೂ ಸರಿಸುಮಾರು ಈ ಮಟ್ಟದಲ್ಲಿರಲಿ, ಅದಕ್ಕೆ ಎಷ್ಟು ಬಿಟ್ ಬೇಕೋ ಅಷ್ಟು ತೆಗೆದುಕೋ ಎಂದು ಎನ್‌ಕೋಡರ್‌ಗೆ ಹೇಳುವ ವಿಧಾನ ಇದು. ಎಕ್ಸ್264ರಲ್ಲಿ ಎಂಟು ಬಿಟ್‌ನ ವಿಡಿಯೊಗೆ ಈ ಅಂಕೆ 0ಯಿಂದ 51ರವರೆಗೆ ಹೋಗುತ್ತದೆ. 0 ಎಂದರೆ ಏನನ್ನೂ ಕಳೆಯದ ಸಂಕೋಚನ. ತಾನಾಗಿ ಬರುವ ಅಂಕೆ 23. ಅಂಕೆಯನ್ನು 6ರಷ್ಟು ಇಳಿಸಿದರೆ ಗಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, 6ರಷ್ಟು ಏರಿಸಿದರೆ ಅರ್ಧಕ್ಕೆ ಬರುತ್ತದೆ. ಕ್ವಾಂಟೈಸೇಶನ್‌ನ ಮೆಟ್ಟಿಲೂ ಪ್ರತಿ 6 ಅಂಕೆಗೆ ದುಪ್ಪಟ್ಟಾಗುವಂತೆ ಮಾನದಂಡವೇ ರೂಪಿಸಿದೆ. ಆದರೆ ಒಂದು ಎನ್‌ಕೋಡರಿನ ಅಂಕೆಯನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. ಎಚ್.265ರ ಎನ್‌ಕೋಡರ್ ಆದ ಎಕ್ಸ್265ರಲ್ಲಿ ತಾನಾಗಿ ಬರುವುದು 28, ಎವಿ1 ಎಂಬ ಇನ್ನೂ ಹೊಸ ಮಾನದಂಡದ ಕೆಲವು ಎನ್‌ಕೋಡರ್‌ಗಳಲ್ಲಿ ಅಳತೆಗೋಲು 63ರವರೆಗೆ ಚಾಚುತ್ತದೆ. ಒಂದೇ ಎನ್‌ಕೋಡರಿನೊಳಗೂ ಎಚ್ಚರ ಬೇಕು: ಸಿಆರ್‌ಎಫ್ ಹಾಗೆಯೇ ಇಟ್ಟು ಪ್ರಿಸೆಟ್ ಬದಲಿಸಿದರೆ ಗುಣಮಟ್ಟವೂ ಕೊಂಚ ಸರಿಯುತ್ತದೆ. ವೆರಿಫಾಸ್ಟ್ ಕೆಲವೊಮ್ಮೆ ಸ್ಲೋಗಿಂತ ಚಿಕ್ಕ ಫೈಲನ್ನೇ ಕೊಡುವುದುಂಟು, ಹಾಗೆಂದು ಅದು ಜಾಣ ಎನ್‌ಕೋಡಿಂಗ್ ಅಲ್ಲ, ಅಲ್ಲಿ ಚಿತ್ರ ಬಡವಾಗಿರುತ್ತದೆ. ಆದ್ದರಿಂದ ಸಮಯ ಎಷ್ಟಿದೆ ಎಂದು ನೋಡಿ ಪ್ರಿಸೆಟ್ಟನ್ನು ಮೊದಲು ಗಟ್ಟಿ ಮಾಡಿಕೊಂಡು, ಸಿಆರ್‌ಎಫ್ ಅಂಕೆಯನ್ನು ಆಮೇಲೆ ಹುಡುಕಬೇಕು.

ಗಾತ್ರ ವಿಡಿಯೊದ ಸ್ವಭಾವಕ್ಕೆ ಎಷ್ಟು ಅಂಟಿಕೊಂಡಿದೆ ಎಂಬುದು ನನಗೆ ಮನದಟ್ಟಾದದ್ದು ಹಳೆಯ ವಿಎಚ್‌ಎಸ್ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ. ವಿವರ ಕಡಿಮೆ ಇರುವ, ಚಿಕ್ಕ ಅಳತೆಯ ಚಿತ್ರ. ಫೈಲೂ ಚಿಕ್ಕದಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಒಂದೊಂದೇ ಫ್ರೇಮನ್ನು ಹಿಗ್ಗಿಸಿ ನೋಡಿದಾಗ ಕಾರಣ ಕಂಡಿತು. ಅಲುಗಾಡದೆ ಕುಳಿತ ವ್ಯಕ್ತಿಯ ಹಿಂದಿನ ಖಾಲಿ ಗೋಡೆಯ ಮೇಲೆ ಮರಳು ಚೆಲ್ಲಿದಂತೆ ಕಾಳುಕಾಳು ನಾಯ್ಸ್, ಒಂದು ಫ್ರೇಮಿನಲ್ಲಿದ್ದಂತೆ ಇನ್ನೊಂದರಲ್ಲಿ ಇಲ್ಲ. ಚಿತ್ರದ ತೀರಾ ಕೆಳಗೆ, ಟೇಪಿನ ಹೆಡ್ ಬದಲಾಗುವಲ್ಲಿ, ನಾಲ್ಕಾರು ಗೆರೆಗಳು ಸದಾ ಅಡ್ಡಾದಿಡ್ಡಿ ಹರಿದಾಡುತ್ತಿದ್ದವು. ನಮಗೆ ಅದು ಗೋಡೆ. ಎನ್‌ಕೋಡರ್‌ಗೆ ಅದು ಪ್ರತಿ ಫ್ರೇಮಿನಲ್ಲೂ ಹೊಸದು, ಯಾವ ವಿಳಾಸದಿಂದಲೂ ತರಲಾಗದ್ದು. ವ್ಯಕ್ತಿಯ ಮುಖಕ್ಕೆ ಸಲ್ಲಬೇಕಾದ ಬಿಟ್‌ಗಳನ್ನು ಈ ಗದ್ದಲ ತಿನ್ನುತ್ತಿತ್ತು. ಕೆಳಗಿನ ಗೆರೆಗಳನ್ನು ಕತ್ತರಿಸಿ, ನಾಯ್ಸ್ ತಗ್ಗಿಸುವ ಹಗುರ ಫಿಲ್ಟರೊಂದನ್ನು ಹಾಕಿದ ಮೇಲೆ ಅದೇ ಸಿಆರ್‌ಎಫ್‌ನಲ್ಲಿ ಫೈಲು ಗಣನೀಯವಾಗಿ ಇಳಿಯಿತು. ಫಿಲ್ಟರ್ ಹೆಚ್ಚಾದರೆ ಮುಖ ಮೇಣದ ಗೊಂಬೆಯಂತಾಗುತ್ತದೆ, ಆದ್ದರಿಂದ ಕೂದಲನ್ನೂ ಬಟ್ಟೆಯ ನೇಯ್ಗೆಯನ್ನೂ ನೋಡುತ್ತಲೇ ಅದನ್ನು ಹೊಂದಿಸಬೇಕು. ಮಳೆ, ಜಲಪಾತ, ಗಾಳಿಗೆ ಅಲುಗುವ ಎಲೆಗಳು, ಕುಣಿಯುವ ಜನಸಂದಣಿ ಇವೂ ಎನ್‌ಕೋಡರ್‌ಗೆ ಇಷ್ಟೇ ಕಷ್ಟ; ಆದರೆ ಅಲ್ಲಿ ಅಲುಗಾಟವೇ ಚಿತ್ರವಾದ್ದರಿಂದ ತೆಗೆಯುವಂತಿಲ್ಲ, ಬಿಟ್ ಕೊಡಲೇಬೇಕು.

ಗಾತ್ರಕ್ಕೆ ನಿಜವಾಗಿಯೂ ಮಿತಿ ಇರುವ ಸಂದರ್ಭಗಳಿವೆ. ಆಗ ಬಳಸಬೇಕಾದದ್ದು ಎರಡು ಸುತ್ತಿನ ಎನ್‌ಕೋಡಿಂಗ್. ಮೊದಲ ಸುತ್ತಿನಲ್ಲಿ ಯಾವ ದೃಶ್ಯ ಎಷ್ಟು ಕಷ್ಟ ಎಂದು ಅಳೆದುಕೊಂಡು, ಎರಡನೆಯದರಲ್ಲಿ ಇರುವ ಬಿಟ್‌ಗಳನ್ನು ಅದಕ್ಕೆ ತಕ್ಕಂತೆ ಹಂಚಲಾಗುತ್ತದೆ. ಲೆಕ್ಕ ಸರಳ. 90 ನಿಮಿಷವೆಂದರೆ 5,400 ಸೆಕೆಂಡು. 1 ಜಿಬಿಯೆಂದರೆ 8,000 ಮೆಗಾಬಿಟ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 1,480 ಕಿಲೊಬಿಟ್. ಧ್ವನಿಗೆ 128 ತೆಗೆದಿಟ್ಟರೆ ಚಿತ್ರಕ್ಕೆ 1,350ರಷ್ಟು ಉಳಿಯುತ್ತದೆ. ಚಲನೆ ಹೆಚ್ಚಿರುವ 1080ಪಿ ವಿಡಿಯೊವನ್ನು ಎಚ್.264ರಲ್ಲಿ ಇಷ್ಟರೊಳಗೆ ತುರುಕಿದರೆ ಚೌಕಗಳು ಕಾಣಿಸಿಕೊಳ್ಳುತ್ತವೆ. ಅದನ್ನು 1280×720ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗಿ, ಒಂದೊಂದಕ್ಕೂ ಸಿಗುವ ಪಾಲು ಹೆಚ್ಚುತ್ತದೆ. ಸ್ವಲ್ಪ ಮೆದುವಾದ ಚಿತ್ರವನ್ನು ಕಣ್ಣು ಸಹಿಸುತ್ತದೆ, ಒಡೆದ ಚಿತ್ರವನ್ನು ಸಹಿಸುವುದಿಲ್ಲ.

ಕತ್ತಲೆಯ ದೃಶ್ಯಗಳು ಬೇರೊಂದು ರೀತಿಯಲ್ಲಿ ಕೆಡುತ್ತವೆ. ಒಂದು ದೀಪದಿಂದ ಗೋಡೆಯ ಮೇಲೆ ನಿಧಾನವಾಗಿ ಕರಗುವ ಬೆಳಕು, ಎನ್‌ಕೋಡ್ ಆದ ಮೇಲೆ ನಕ್ಷೆಯ ಎತ್ತರದ ಗೆರೆಗಳಂತೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಎಂಟು ಬಿಟ್‌ನ ವಿಡಿಯೊದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವುದು ಹೆಚ್ಚೆಂದರೆ 256 ಹಂತ. ಕತ್ತಲೆಯ ಪಾಲಿಗೆ ಬರುವುದು ಅದರಲ್ಲಿ ಕೆಲವೇ ಕೆಲವು, ಅವುಗಳ ನಡುವಿನ ನವುರನ್ನು ಕ್ವಾಂಟೈಸೇಶನ್ ಒರೆಸಿಹಾಕುತ್ತದೆ. ಹತ್ತು ಬಿಟ್‌ನಲ್ಲಿ 1,024 ಹಂತಗಳಿರುವುದರಿಂದ ಮೂಲ ಎಂಟು ಬಿಟ್‌ನದ್ದೇ ಆಗಿದ್ದರೂ ಈ ಪಟ್ಟೆಗಳು ಕಡಿಮೆಯಾಗುತ್ತವೆ. ಎಚ್.265 ಮತ್ತು ಎವಿ1ಕ್ಕೆ ಹತ್ತು ಬಿಟ್ ಆಯ್ದುಕೊಳ್ಳಲು ಹಿಂಜರಿಯಬೇಕಿಲ್ಲ; ಎಚ್.264ರ ಹತ್ತು ಬಿಟ್ಟನ್ನು ಮಾತ್ರ ಬಹುಪಾಲು ಸಾಧನಗಳ ಚಿಪ್‌ಗಳು ಓದಲಾರವು.

ಕೋಡೆಕ್‌ನ, ಅಂದರೆ ಯಾವ ಸಂಕೋಚನ ಮಾನದಂಡ ಎಂಬುದರ, ಆಯ್ಕೆ ನೋಡುವವರ ಸಾಧನಕ್ಕೆ ಸೇರಿದ ವಿಷಯ. ಎಲ್ಲೆಡೆ ಓಡಬೇಕಾದರೆ ಎಚ್.264. ಅದೇ ಗುಣಮಟ್ಟವನ್ನು ಸೆಕೆಂಡಿಗೆ ಸುಮಾರು ಅರ್ಧದಷ್ಟೇ ಬಿಟ್‌ಗಳಲ್ಲಿ ಕೊಡಬೇಕೆಂಬ ಗುರಿಯಿಂದ ಎಚ್.265 ಬಂತು. 2018ರಲ್ಲಿ ಹೊರಬಂದ ಎವಿ1 ಪರವಾನಗಿ ಶುಲ್ಕವಿಲ್ಲದೆ ಬಳಸಲೆಂದು ರೂಪುಗೊಂಡದ್ದು, ಉಳಿತಾಯದಲ್ಲಿ ಇನ್ನೂ ಮುಂದೆ ಹೋಗುತ್ತದೆ. ಆದರೆ ಅದನ್ನು ಓದುವ ಚಿಪ್ ಇಲ್ಲದ ಹಳೆಯ ಫೋನಿನಲ್ಲಿ ಪ್ರೊಸೆಸರೇ ಆ ಕೆಲಸ ಹೊರಬೇಕಾಗಿ ಬ್ಯಾಟರಿ ಬೇಗ ಇಳಿಯುತ್ತದೆ. ಗ್ರಾಫಿಕ್ಸ್ ಕಾರ್ಡುಗಳಲ್ಲೂ ಫೋನುಗಳಲ್ಲೂ ಇರುವ ಹಾರ್ಡ್‌ವೇರ್ ಎನ್‌ಕೋಡರ್‌ಗಳು ಬಹಳ ವೇಗ. ಆದರೆ ಹುಡುಕಾಟದ ವ್ಯಾಪ್ತಿ ಸಿಲಿಕಾನಿನಲ್ಲೇ ಕೊರೆದಿಟ್ಟದ್ದಾದ್ದರಿಂದ, ಅದೇ ಗುಣಮಟ್ಟಕ್ಕೆ ನಿಧಾನ ಪ್ರಿಸೆಟ್ಟಿನ ಸಾಫ್ಟ್‌ವೇರ್ ಎನ್‌ಕೋಡರಿಗಿಂತ ಹೆಚ್ಚು ಬಿಟ್ ಕೇಳುತ್ತವೆ.

ಇಷ್ಟೆಲ್ಲ ತಿಳಿದ ಮೇಲೂ ಸರಿಯಾದ ಅಂಕೆ ಸಿಗುವುದು ಪರೀಕ್ಷೆಯಿಂದಲೇ. ಇಡೀ ವಿಡಿಯೊವನ್ನು ಮತ್ತೆ ಮತ್ತೆ ಎನ್‌ಕೋಡ್ ಮಾಡುವ ಅಗತ್ಯವಿಲ್ಲ. ಅತಿ ಹೆಚ್ಚು ಚಲನೆಯ ಒಂದು, ಅತಿ ಕತ್ತಲೆಯ ಒಂದು, ಮುಖ ಹತ್ತಿರದಿಂದ ಕಾಣುವ ಒಂದು, ಹೀಗೆ 20 ಸೆಕೆಂಡಿನ ಮೂರು ತುಣುಕುಗಳನ್ನು ಕತ್ತರಿಸಿ, ಆಯ್ದ ಪ್ರಿಸೆಟ್ಟಿನಲ್ಲಿ 18, 20, 22, 24 ಎಂದು ನಾಲ್ಕು ಸಿಆರ್‌ಎಫ್‌ಗಳಲ್ಲಿ ಎನ್‌ಕೋಡ್ ಮಾಡಿದರೆ ಸಾಕು. ನೆಟ್‌ಫ್ಲಿಕ್ಸ್ 2016ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ವಿಎಂಎಎಫ್ ಎಂಬ ಮಾಪನ ಮೂಲದೊಂದಿಗೆ ಹೋಲಿಸಿ 100ಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಅದು ಉಪಯುಕ್ತ, ಆದರೆ ಸರಾಸರಿಯನ್ನಷ್ಟೇ ನೋಡಿದರೆ ಕೆಟ್ಟುಹೋದ ಐದು ಸೆಕೆಂಡು ಅದರಲ್ಲಿ ಮುಚ್ಚಿಹೋಗುತ್ತದೆ. ನಿಲ್ಲಿಸಿದ ಫ್ರೇಮುಗಳನ್ನು ಹಿಗ್ಗಿಸಿ ಹೋಲಿಸುವುದಕ್ಕಿಂತ, ವಿಡಿಯೊ ನಿಜವಾಗಿ ನೋಡಲ್ಪಡುವ ಪರದೆಯ ಮೇಲೆ, ಅಷ್ಟೇ ದೂರದಲ್ಲಿ ಕುಳಿತು, ಓಡುವಾಗಲೇ ನೋಡಬೇಕು.

ಟೇಪುಗಳ ವಿಷಯದಲ್ಲಿ ನಾನು ಕೊನೆಗೆ ನಿಂತದ್ದು ಸ್ಲೋ ಪ್ರಿಸೆಟ್ ಮತ್ತು ಸಿಆರ್‌ಎಫ್ 18ರಲ್ಲಿ. ಕಂಪ್ಯೂಟರು ರಾತ್ರಿಯಿಡೀ ದುಡಿಯುತ್ತಿತ್ತು, ಬೆಳಿಗ್ಗೆ ಫೈಲುಗಳು ಒಂದೊಂದೂ ಒಂದೊಂದು ಗಾತ್ರದಲ್ಲಿ ಸಿದ್ಧವಾಗಿರುತ್ತಿದ್ದವು. ಗಾಳಿಯಲ್ಲಿ ಅಲುಗುವ ಮರಗಳ ನಡುವೆ ಚಿತ್ರಿಸಿದ ಟೇಪು ಎಲ್ಲಕ್ಕಿಂತ ದೊಡ್ಡದು. ಟೇಪಿನಿಂದ ನೇರವಾಗಿ ಇಳಿಸಿಕೊಂಡ ಮೂಲ ಫೈಲುಗಳನ್ನು ಬೇರೊಂದು ಡಿಸ್ಕಿನಲ್ಲಿ ಹಾಗೆಯೇ ಇಟ್ಟಿದ್ದೇನೆ. ಮುಂದೆ ಇನ್ನೂ ಉತ್ತಮ ಎನ್‌ಕೋಡರ್ ಬಂದಾಗ ಸಂಕುಚಿಸಿದ ಪ್ರತಿಯಿಂದ ಮತ್ತೊಂದು ಪ್ರತಿ ತೆಗೆದರೆ, ಮೊದಲಿನದು ಮಾಡಿಟ್ಟ ಕಲೆಗಳನ್ನೂ ಹೊಸ ಎನ್‌ಕೋಡರ್ ಚಿತ್ರದ ಭಾಗವೆಂದೇ ತಿಳಿದು ಜತನದಿಂದ ಉಳಿಸಲು ಹೊರಡುತ್ತದೆ.