ಲಂಚದ ದುಡ್ಡು ಇಲ್ಲೇ ಖರ್ಚಾಗುತ್ತಲ್ಲ, ದೇಶಕ್ಕೆ ನಷ್ಟ ಹೇಗೆ?

ಪ್ರಶ್ನೆ: ಲಂಚ ತಪ್ಪು ಅಂತ ಎಲ್ಲರೂ ಹೇಳುತ್ತಾರೆ, ಒಪ್ಪಿದೆ. ಆದರೆ ಲಂಚ ತಗೊಂಡವನು ಆ ದುಡ್ಡನ್ನು ಸುಟ್ಟು ಹಾಕುವುದಿಲ್ಲವಲ್ಲ. ಮನೆ ಕಟ್ಟಿಸುತ್ತಾನೆ, ಕಾರು ಕೊಳ್ಳುತ್ತಾನೆ, ಮಗಳ ಮದುವೆ ಮಾಡುತ್ತಾನೆ. ಆ ದುಡ್ಡು ಗಾರೆಯವರಿಗೆ, ಬಡಗಿಗೆ, ಅಡುಗೆ ಭಟ್ಟರಿಗೆ ಹೋಗುತ್ತೆ. ಕೊಟ್ಟವನ ಕೆಲಸವೂ ಬೇಗ ಆಗುತ್ತೆ. ಹಾಗಿದ್ದ ಮೇಲೆ ಬಡ ದೇಶಗಳು ಹಿಂದೆ ಬೀಳೋದಕ್ಕೆ ಭ್ರಷ್ಟಾಚಾರ ಕಾರಣ ಅನ್ನೋದು ಹೇಗೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪ್ರಶ್ನೆ ಇದು. ಮಾತು ಬೇರೆಯಾದರೂ ಇದೇ ಪ್ರಶ್ನೆಯನ್ನು ಕೇಳುವವರು ಜಾಸ್ತಿ. ದಡ್ಡ ಪ್ರಶ್ನೆಯೇನೂ ಅಲ್ಲ. 1960ರ ದಶಕದಲ್ಲಿ ಅಮೆರಿಕದ ದೊಡ್ಡ ಪಂಡಿತರೇ ಹೀಗೆ ವಾದಿಸಿದ್ದರು. ನಥೇನಿಯಲ್ ಲೆಫ್ 1964ರಲ್ಲಿ, ಸ್ಯಾಮ್ಯುಯೆಲ್ ಹಂಟಿಂಗ್ಟನ್ 1968ರಲ್ಲಿ, ಸರ್ಕಾರಿ ಯಂತ್ರ ಮಂದಗತಿಯಲ್ಲಿರುವ ದೇಶಗಳಲ್ಲಿ ಒಂದಿಷ್ಟು ಲಂಚ ಇದ್ದರೆ ಕೆಲಸ ಸಾಗುತ್ತದೆ ಎಂಬರ್ಥದಲ್ಲಿ ಬರೆದರು.

ನನ್ನ ಉತ್ತರ ಇಷ್ಟು: ಕೈಯಿಂದ ಕೈಗೆ ಹೋದ ದುಡ್ಡು ನಷ್ಟದಲ್ಲಿ ತೀರಾ ಸಣ್ಣ ಪಾಲು. ಆ ದುಡ್ಡು ದಕ್ಕಲಿ ಅಂತ ಯಾವ ಕೆಲಸ ಕೆಟ್ಟಿತು ಅನ್ನುವುದನ್ನು ಲೆಕ್ಕ ಹಾಕಬೇಕು.

ನಮ್ಮ ಕಡೆಯ ರಸ್ತೆಯನ್ನೇ ತಗೊಳ್ಳಿ. ಹೊಸನಗರವೋ ಸಾಗರವೋ, ಮುಖ್ಯ ರಸ್ತೆಯಿಂದ ಒಳಗಿನ ಹಳ್ಳಿಗೆ ಹೋಗುವ ಎರಡು ಕಿಲೋಮೀಟರ್ ಡಾಂಬರು ರಸ್ತೆ. ಜಲ್ಲಿ ಎಷ್ಟು ದಪ್ಪ ಹಾಕಬೇಕು, ಡಾಂಬರು ಎಷ್ಟು, ಮೋರಿ ಎಲ್ಲೆಲ್ಲಿ, ಪಕ್ಕದ ಚರಂಡಿ ಎಷ್ಟು ಆಳ, ಎಲ್ಲವೂ ಎಸ್ಟಿಮೇಟಿನಲ್ಲಿ ಬರೆದಿರುತ್ತದೆ. ಈಗ ಬಿಲ್ ಪಾಸಾಗಬೇಕಾದರೆ ಕಂಟ್ರಾಕ್ಟರ್ ಇಷ್ಟು ಪರ್ಸೆಂಟ್ ಕೊಡಬೇಕು ಅಂತಿಟ್ಟುಕೊಳ್ಳಿ. ಅವನೇನು ಮನೆಯಿಂದ ತಂದು ಕೊಡುತ್ತಾನಾ? ಕೆಲಸದಲ್ಲೇ ಉಳಿಸಬೇಕು. ಮೇಲಿನ ಕಪ್ಪು ಪದರದಲ್ಲಿ ಉಳಿಸಿದರೆ ಊರವರಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಅಡಿಯ ಜಲ್ಲಿಯಲ್ಲಿ ಉಳಿಸುತ್ತಾನೆ, ಚರಂಡಿಯಲ್ಲಿ ಉಳಿಸುತ್ತಾನೆ. ಉದ್ಘಾಟನೆಯ ಫೋಟೊದಲ್ಲಿ ಚರಂಡಿ ಬರುವುದಿಲ್ಲ ನೋಡಿ.

ಆದರೆ ಮಲೆನಾಡಿನಲ್ಲಿ ರಸ್ತೆಯ ಆಯಸ್ಸು ಇರುವುದೇ ಚರಂಡಿಯಲ್ಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಧರೆಯಿಂದ ಇಳಿದ ನೀರಿಗೆ ಬೇರೆ ದಾರಿ ಇಲ್ಲದೆ ರಸ್ತೆಯ ಮೇಲೇ ಹರಿಯುತ್ತದೆ. ಅಂಚಿನ ಮಣ್ಣು ಕೊರೆದು ಹೋಗುತ್ತದೆ. ಡಾಂಬರಿನ ಅಡಿಗೆ ನೀರು ಸೇರುತ್ತದೆ. ಅದರ ಮೇಲೆ ಲೋಡ್ ತುಂಬಿದ ಲಾರಿ ನಾಲ್ಕು ಸಲ ಓಡಾಡಿದರೆ ಮುಗಿಯಿತು. ಆರಿದ್ರಾ ಮಳೆಗೆ ಗುಂಡಿ, ಆಶ್ಲೇಷಾ ಹೊತ್ತಿಗೆ ಕೆರೆ.

ಲೆಕ್ಕ ಸುಲಭವಾಗಲಿ ಅಂತ ಒಂದು ಅಂಕಿ ಊಹಿಸಿಕೊಳ್ಳೋಣ. ರಸ್ತೆಗೆ 50 ಲಕ್ಷ, ಅದರಲ್ಲಿ ಕಮಿಷನ್ 10 ಲಕ್ಷ. ಓದುಗರು ಹೇಳಿದ ಹಾಗೆ ಆ 10 ಲಕ್ಷ ಎಲ್ಲೋ ಒಂದು ಮನೆಯ ಮೊದಲ ಮಹಡಿಯಾಗಿ ನಿಂತಿರುತ್ತದೆ, ಗಾರೆಯವರಿಗೆ ಕೂಲಿಯೂ ಸಿಕ್ಕಿರುತ್ತದೆ. ಸರಿ. ಉಳಿದ 40 ಲಕ್ಷ ಎಲ್ಲಿ? ಎಂಟು ವರ್ಷ ಬಾಳಬೇಕಿದ್ದ ರಸ್ತೆ ಎರಡೇ ಮಳೆಗಾಲಕ್ಕೆ ಕಿತ್ತುಹೋದರೆ, ಅದರಲ್ಲಿ ಬಹುಪಾಲು ಹಳ್ಳದ ಪಾಲು. ಅದು ಯಾರ ಮನೆಯೂ ಆಗಲಿಲ್ಲ. ಮೂರನೇ ವರ್ಷ ಅದೇ ರಸ್ತೆಗೆ ಮತ್ತೆ ಟೆಂಡರ್, ಮತ್ತೆ ಪರ್ಸೆಂಟ್. ನಡುವಿನ ದಿನಗಳಲ್ಲಿ ಹಾಲಿನ ಗಾಡಿ ಕ್ರಾಸಿನಲ್ಲೇ ನಿಲ್ಲುತ್ತದೆ, ಶಾಲೆ ಮಕ್ಕಳ ಆಟೋದವನು ಬರಲ್ಲ ಅನ್ನುತ್ತಾನೆ, ಹೆರಿಗೆ ನೋವು ಬಂದವರನ್ನು ಜೀಪಿನಲ್ಲಿ ಕುಲುಕಿಸಿಕೊಂಡು ಕರೆದೊಯ್ಯಬೇಕು. ಕಾಮಗಾರಿಯ ಅಳತೆ ದಾಖಲಿಸುವ ಎಂ.ಬಿ. ಪುಸ್ತಕ ಅಂತಿರುತ್ತದಲ್ಲ, ಇದಕ್ಕೆಲ್ಲ ಅದರಲ್ಲಿ ಅಳತೆ ಬರೆಯುವುದಿಲ್ಲ.

ಪರ್ಸೆಂಟೇಜಿನ ಮಾತು ನಮ್ಮ ರಾಜ್ಯದಲ್ಲಿ ಗುಟ್ಟಾಗಿಯೂ ಉಳಿದಿಲ್ಲ. 2021ರಲ್ಲಿ ಗುತ್ತಿಗೆದಾರರ ಸಂಘವೇ 40 ಪರ್ಸೆಂಟ್ ಕಮಿಷನ್ ಕೊಡಬೇಕಾಗಿದೆ ಎಂದು ದೂರಿ ಪ್ರಧಾನಿಗೆ ಪತ್ರ ಬರೆದಿತ್ತು. ಆ ಆರೋಪದ ರಾಜಕೀಯಕ್ಕೆ ನಾನು ಕೈ ಹಾಕುವುದಿಲ್ಲ. ಅಷ್ಟು ಹೋದ ಮೇಲೆ ಮಿಕ್ಕಿದ್ದರಲ್ಲಿ ಎಂಥ ರಸ್ತೆ ಆದೀತು ಅನ್ನುವುದಷ್ಟೇ ನನ್ನ ಪ್ರಶ್ನೆ.

ರಸ್ತೆಯ ಅಡಿಯಲ್ಲಿ ಏನಿದೆ ಅಂತ ನಿಜವಾಗಿಯೂ ಅಗೆದು ನೋಡಿದವರಿದ್ದಾರೆ. ಬೆಂಜಮಿನ್ ಓಲ್ಕನ್ ಎಂಬ ಅರ್ಥಶಾಸ್ತ್ರಜ್ಞ 2003-04ರಲ್ಲಿ ಇಂಡೊನೇಷ್ಯಾದ ಜಾವಾ ದ್ವೀಪದ 608 ಹಳ್ಳಿಗಳಲ್ಲಿ ಈ ಕೆಲಸ ಮಾಡಿಸಿದರು. ಎಂಜಿನಿಯರುಗಳು ಹೊಸ ರಸ್ತೆಗಳನ್ನು ಅಲ್ಲಲ್ಲಿ ಅಗೆದು ಕಲ್ಲು, ಮರಳು, ಜಲ್ಲಿ ನಿಜಕ್ಕೂ ಎಷ್ಟಿದೆ ಅಂತ ಅಳೆದರು. ಅದನ್ನು ಬಿಲ್ಲಿನ ಜೊತೆ ತಾಳೆ ನೋಡಿದರು. ಸುಮಾರು ಕಾಲು ಭಾಗದಷ್ಟು ಖರ್ಚಿಗೆ ನೆಲದಲ್ಲಿ ಲೆಕ್ಕ ಸಿಗಲಿಲ್ಲ. ಕೆಲವು ಹಳ್ಳಿಗಳಿಗೆ ‘ಸರ್ಕಾರಿ ಆಡಿಟ್ ಖಂಡಿತ ಬರುತ್ತೆ’ ಎಂದು ಮೊದಲೇ ಹೇಳಿದ್ದರು. ಅಲ್ಲಿ ಈ ಸೋರಿಕೆ 8 ಶೇಕಡಾ ಅಂಶದಷ್ಟು ಕಡಿಮೆಯಾಯಿತು. ಊರ ಸಭೆ ಕರೆದು ಜನರನ್ನೇ ನಿಗಾ ಇಡಲು ಬಿಟ್ಟ ಕಡೆ ಅಂಥ ಫಲ ಕಾಣಲಿಲ್ಲ. ಕೂಲಿ ದುಡ್ಡಿನ ಕಳವು ಇಳಿಯಿತು, ಸಾಮಗ್ರಿಯ ಕಳವು ಇಳಿಯಲಿಲ್ಲ. ಯಾಕೆ ಅಂತ ಊಹಿಸಬಹುದು. ತನ್ನ ಕೂಲಿ ಎಷ್ಟು ಬಂತು ಅಂತ ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ಮಣ್ಣಿನಡಿ ಜಲ್ಲಿ ಎಷ್ಟಿದೆ ಅಂತ ಯಾರಿಗೆ ಗೊತ್ತು?

ಇನ್ನು ‘ಕೆಲಸ ಬೇಗ ಆಗುತ್ತೆ’ ಅನ್ನುವ ಮಾತು.

ದೆಹಲಿಯಲ್ಲಿ ಡ್ರೈವಿಂಗ್ ಲೈಸೆನ್ಸ್‌ಗೆ ಹೊರಟ 822 ಜನರ ಬೆನ್ನು ಹತ್ತಿ ಕೆಲವು ಸಂಶೋಧಕರು ಅಧ್ಯಯನ ಮಾಡಿದರು. ಅದು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಲೈಸೆನ್ಸ್ ತಂದರೆ ಬಹುಮಾನ ಎಂದರು, ಇನ್ನೊಂದು ಗುಂಪಿಗೆ ಪುಕ್ಕಟೆ ಡ್ರೈವಿಂಗ್ ಕಲಿಸಿದರು. ಬಹುಮಾನದ ಆಸೆ ಇದ್ದವರು ಏಜೆಂಟರನ್ನು ಹಿಡಿದು ಬೇಗ ಲೈಸೆನ್ಸ್ ತಂದರು. ಓದುಗರ ಮಾತು ಅಲ್ಲಿಯವರೆಗೆ ನಿಜ. ಆದರೆ ಲೈಸೆನ್ಸ್ ಸಿಕ್ಕವರಲ್ಲಿ ಶೇ. 71ರಷ್ಟು ಜನ ಟೆಸ್ಟನ್ನೇ ಕೊಟ್ಟಿರಲಿಲ್ಲ. ಆಮೇಲೆ ಸಂಶೋಧಕರೇ ಟೆಸ್ಟ್ ಮಾಡಿದಾಗ ಶೇ. 62ರಷ್ಟು ಜನ ಫೇಲಾದರು. ಸರ್ಕಾರಿ ಶುಲ್ಕದ ಸುಮಾರು ಎರಡರಷ್ಟು ದುಡ್ಡು ಖರ್ಚಾಗಿತ್ತು, ಗಾಡಿ ಓಡಿಸಲು ಮಾತ್ರ ಬರುತ್ತಿರಲಿಲ್ಲ. ಇಂಥವರು ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಾದರೆ ಹೇಗಿರುತ್ತೆ ಅಂತ ಒಮ್ಮೆ ಯೋಚಿಸಿ. ಲಂಚ ಕೊಟ್ಟವನಿಗೂ ತಗೊಂಡವನಿಗೂ ಲಾಭವೇ ಆಯಿತು. ಬೆಲೆ ತೆರುವವನು ಎದುರಿನಿಂದ ಬರುವ ಮೂರನೆಯವನು.

ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1968ರಲ್ಲೇ ಇದನ್ನು ಎತ್ತಿ ತೋರಿಸಿದರು. ತಡವಾದರೆ ತನಗೆ ದುಡ್ಡು ಬರುತ್ತದೆ ಎಂದು ಗೊತ್ತಾದ ಮೇಲೆ ನೌಕರ ಬೇಕಂತಲೇ ತಡ ಮಾಡುತ್ತಾನೆ. ಅಂದರೆ ಲಂಚ ಕೊಡುತ್ತಾ ಹೋದಷ್ಟೂ ಸಾಲು ಉದ್ದವಾಗುತ್ತದೆ. ಭ್ರಷ್ಟಾಚಾರ ತಡೆಯುವ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ನಮ್ಮದೇ ಸಂತಾನಂ ಸಮಿತಿಯ 1964ರ ವರದಿಯಲ್ಲೂ ಈ ‘ಸ್ಪೀಡ್ ಮನಿ’ಯ ಮಾತು ಬಂದಿದೆ. ಕೇಂದ್ರ ಜಾಗೃತ ಆಯೋಗ ಹುಟ್ಟಿದ್ದು ಅದೇ ಸಮಿತಿಯ ಶಿಫಾರಸಿನಿಂದ. 1999ರಲ್ಲಿ ಕೌಫ್‌ಮನ್ ಮತ್ತು ವೇ ಎಂಬಿಬ್ಬರು ಹಲವು ದೇಶಗಳ ಕಂಪನಿಗಳ ಸಮೀಕ್ಷೆಗಳನ್ನು ಜಾಲಾಡಿದರು. ಜಾಸ್ತಿ ಲಂಚ ಕೊಡುವ ಕಂಪನಿಗಳೇ ಅಧಿಕಾರಿಗಳ ಜೊತೆ ಜಾಸ್ತಿ ಹೊತ್ತು ಕಳೆಯುತ್ತಿದ್ದವು. ಕೊಡುವ ಗಿರಾಕಿ ಸಿಕ್ಕರೆ ಯಾರು ಬಿಡುತ್ತಾರೆ ಹೇಳಿ.

ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ. ಅಪ್ಪ ತೀರಿಕೊಂಡರು, ಎರಡು ಎಕರೆ ಅಡಿಕೆ ತೋಟ ಅವರ ಹೆಸರಿನಲ್ಲೇ ಇದೆ, ಪೌತಿ ಖಾತೆ ಆಗಬೇಕು. ಒಂದು ದಿನ ವಂಶವೃಕ್ಷ ಸರಿ ಇಲ್ಲ. ಇನ್ನೊಂದು ದಿನ ಸರ್ವರ್ ಡೌನ್. ಮತ್ತೊಂದು ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ. ಹೊರಗೆ ಚಹಾ ಅಂಗಡಿ ಹತ್ತಿರ ನಿಂತವರು ಮೆಲ್ಲಗೆ ಹೇಳುತ್ತಾರೆ: ‘ಫೈಲಿನ ಮೇಲೆ ಸ್ವಲ್ಪ ಭಾರ ಇಡಿ, ಇಲ್ಲದಿದ್ದರೆ ಗಾಳಿಗೆ ಹಾರಿಹೋಗುತ್ತೆ.’ ಕೊಡಲಾಗದವರು ಸುಮ್ನೆ ಮನೆಗೆ ಬರುತ್ತಾರೆ. ಪಹಣಿ ತಮ್ಮ ಹೆಸರಿಗೆ ಬಾರದೆ ಸೊಸೈಟಿಯ ಬಡ್ಡಿ ಇಲ್ಲದ ಬೆಳೆ ಸಾಲ ಸಿಗುವುದಿಲ್ಲ. ಬೆಳೆ ವಿಮೆಯ ಕಂತು ಕಟ್ಟುವ ಗಡುವು ದಾಟುತ್ತದೆ. ಆ ವರ್ಷವೇ ಕೊಳೆ ರೋಗ ಬಂದರೆ ಪರಿಹಾರಕ್ಕೂ ತೊಡಕು. ಕೈಸಾಲ ಮಾಡಬೇಕು, ಅದಕ್ಕೆ ಬಡ್ಡಿ ಕಟ್ಟಬೇಕು. ಒಂದು ಸಹಿ ತಡವಾಗಿದ್ದಕ್ಕೆ ಒಂದು ಸಂಸಾರ ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಹೀಗೆ ಸಾವಿರಾರು ಸಂಸಾರಗಳು ಸೇರಿದರೆ ಅದನ್ನೇ ನಾವು ಹಿಂದುಳಿದ ದೇಶ ಅನ್ನುವುದು.

ಸರ್ಕಾರ ಯಾವುದಕ್ಕೆ ಖರ್ಚು ಮಾಡುತ್ತದೆ ಎಂಬುದೂ ಬದಲಾಗುತ್ತದೆ. ಪಾಲೊ ಮೌರೊ ಎಂಬ ಅರ್ಥಶಾಸ್ತ್ರಜ್ಞ 1998ರಲ್ಲಿ ಹಲವು ದೇಶಗಳ ಅಂಕಿಗಳನ್ನು ಹೋಲಿಸಿ, ಭ್ರಷ್ಟಾಚಾರ ಹೆಚ್ಚಿದ್ದ ಕಡೆ ಶಿಕ್ಷಣಕ್ಕೆ ಕಡಿಮೆ ಖರ್ಚು ಮಾಡುತ್ತಾರೆ ಎಂದು ತೋರಿಸಿದರು. ಟೀಚರ್ ಸಂಬಳದಲ್ಲಿ ಕಮಿಷನ್ ಹೊಡೆಯುವುದು ಕಷ್ಟ. ದೊಡ್ಡ ಕಟ್ಟಡದಲ್ಲಿ ಸುಲಭ. ಮಕ್ಕಳಿಲ್ಲದ ಊರಿಗೆ ಸಮುದಾಯ ಭವನ ಬರುತ್ತದೆ, ಮಕ್ಕಳಿರುವ ಶಾಲೆಗೆ ಮೇಷ್ಟ್ರು ಬರುವುದಿಲ್ಲ.

ಹಾಗೆ ಬಂದ ದುಡ್ಡಾದರೂ ತಲುಪುತ್ತದಾ? ಉಗಾಂಡದಲ್ಲಿ 1991ರಿಂದ 1995ರವರೆಗೆ ಶಾಲೆಗಳಿಗೆ ಪ್ರತಿ ಮಗುವಿನ ಲೆಕ್ಕದಲ್ಲಿ ಕೇಂದ್ರ ಸರ್ಕಾರ ಕಳಿಸಿದ ಅನುದಾನದಲ್ಲಿ ಸರಾಸರಿ ಶೇ. 13ರಷ್ಟು ಮಾತ್ರ ಶಾಲೆ ಸೇರಿತ್ತು. ಉಳಿದದ್ದು ದಾರಿಯಲ್ಲೇ, ಹೆಚ್ಚಾಗಿ ಜಿಲ್ಲಾ ಮಟ್ಟದಲ್ಲಿ ಕರಗಿತ್ತು. ಇದು ಬಯಲಾದ ಮೇಲೆ ಯಾವ ಜಿಲ್ಲೆಗೆ ಎಷ್ಟು ದುಡ್ಡು ಬಿಡುಗಡೆ ಆಯಿತು ಅಂತ ಪತ್ರಿಕೆಗಳಲ್ಲಿ ಹಾಕಿಸತೊಡಗಿದರು. 2001ರ ಹೊತ್ತಿಗೆ ಶೇ. 80ಕ್ಕಿಂತ ಜಾಸ್ತಿ ಶಾಲೆಗೆ ತಲುಪುತ್ತಿತ್ತು. ಪತ್ರಿಕೆಯೊಂದೇ ಇದಕ್ಕೆ ಕಾರಣ ಅಲ್ಲ ಅಂತ ಆಮೇಲೆ ವಾದಗಳಾದವು, ಅದೂ ಸರಿ ಇರಬಹುದು. ನಮ್ಮ ಕಡೆ ರಾಜೀವ್ ಗಾಂಧಿ 1985ರಲ್ಲಿ, ಸರ್ಕಾರ ಕಳಿಸುವ ಒಂದು ರೂಪಾಯಿಯಲ್ಲಿ ಜನರಿಗೆ ತಲುಪುವುದು 15 ಪೈಸೆ ಎಂದಿದ್ದರು. ಅದು ಅಳತೆ ಮಾಡಿ ಹೇಳಿದ ಅಂಕಿ ಅಲ್ಲ, ಅಂದಾಜಿನ ಮಾತು. ಉಗಾಂಡದಲ್ಲಿ ಅಳೆದರು, ಅದೇ ವ್ಯತ್ಯಾಸ.

‘ದುಡ್ಡು ಇಲ್ಲೇ ಖರ್ಚಾಗುತ್ತೆ’ ಎಂಬುದು ಕೂಡ ಸಣ್ಣ ಲಂಚಕ್ಕೆ ಮಾತ್ರ ಸರಿ. ಗುಮಾಸ್ತನ ಐನೂರು ರೂಪಾಯಿ ಊರಲ್ಲೇ ಉಳಿದೀತು. ನೈಜೀರಿಯಾವನ್ನು 1993ರಿಂದ 1998ರವರೆಗೆ ಆಳಿದ ಸಾನಿ ಅಬಾಚಾ ದೋಚಿದ ದುಡ್ಡು ಊರಲ್ಲಿ ಉಳಿಯಲಿಲ್ಲ. ಅವನು ಸತ್ತ ಮೇಲೆ ಸ್ವಿಟ್ಜರ್ಲೆಂಡ್ ಒಂದೇ ದೇಶ ಸುಮಾರು 70 ಕೋಟಿ ಡಾಲರ್ ವಾಪಸ್ ಕೊಟ್ಟಿತು. 2017ರಲ್ಲಿ ಇನ್ನೂ 32 ಕೋಟಿ ಡಾಲರ್ ಕೊಡಲು ಒಪ್ಪಿತು. ಅಲ್ಲಿಯ ಆಸ್ಪತ್ರೆಗಳಲ್ಲಿ ಔಷಧಿಗೆ ಗತಿ ಇಲ್ಲದಾಗ ಆ ದುಡ್ಡು ಪರದೇಶದ ಬ್ಯಾಂಕಿನಲ್ಲಿ ಬೆಚ್ಚಗಿತ್ತು.

‘ಹಾಗಾದರೆ ಚೀನಾ ಹೇಗೆ ಬೆಳೆಯಿತು? ಅಲ್ಲೇನು ಲಂಚ ಇಲ್ವಾ?’ ಇದ್ದೇ ಇದೆ. ಭ್ರಷ್ಟಾಚಾರ ಇದ್ದರೆ ಬೆಳವಣಿಗೆ ಆಗುವುದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸುಹಾರ್ತೊ ಕಾಲದ ಇಂಡೊನೇಷ್ಯಾವೂ ದಶಕಗಟ್ಟಲೆ ಬೆಳೆಯಿತು. ಅಲ್ಲಿ ಯಾರಿಗೆ, ಎಷ್ಟು ಕೊಡಬೇಕು ಅನ್ನುವುದು ಬಹುಮಟ್ಟಿಗೆ ನಿಗದಿಯಾಗಿತ್ತು, ಕೊಟ್ಟ ಮೇಲೆ ಕೆಲಸ ಆಗುತ್ತಿತ್ತು. ಪ್ರತಿ ಟೇಬಲ್ಲಿನವನೂ ಪ್ರತ್ಯೇಕ ಕೈ ಚಾಚುವ ಕಡೆ ಆಗುವ ಹಾನಿ ಇದಕ್ಕಿಂತ ಜಾಸ್ತಿ. ಆದರೆ ನೆಂಟರಿಷ್ಟರಿಗೆ ಸಾಲ ಹಂಚಿದ ಬ್ಯಾಂಕುಗಳು ಗಟ್ಟಿ ಇರುವುದಿಲ್ಲ. 1997ರಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟು ಬಂತು. ಮರುವರ್ಷ ಇಂಡೊನೇಷ್ಯಾದ ಆರ್ಥಿಕತೆ ಶೇ. 13ರಷ್ಟು ಕುಸಿಯಿತು, ಸುಹಾರ್ತೊ ಕುರ್ಚಿ ಬಿಟ್ಟರು. ಇಷ್ಟಕ್ಕೂ ಲಂಚ ಇಲ್ಲದಿದ್ದರೆ ಈ ದೇಶಗಳು ಇನ್ನೆಷ್ಟು ಬೆಳೆಯುತ್ತಿದ್ದವೋ, ಅದನ್ನು ಯಾರೂ ಕೇಳುವುದಿಲ್ಲ.

ಕರ್ನಾಟಕದಲ್ಲಿ ಏನೂ ಆಗಿಲ್ಲ ಅನ್ನುವ ಹಾಗೂ ಇಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದ ಮೇಲೆ, ಪಹಣಿಗೋಸ್ಕರ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಶುರುವಿನಲ್ಲಿ 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಸಿಗುತ್ತಿತ್ತು. 2012ರಲ್ಲಿ, ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಯೋಜನೆ ಬಂತು. ಅರ್ಜಿ ಕೊಟ್ಟಾಗ ಸ್ವೀಕೃತಿ ನಂಬರ್ ಕೇಳಿ ಪಡೆಯಿರಿ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. 20 ರೂಪಾಯಿ ಯಾವ ಲೆಕ್ಕ ಅನ್ನಬೇಡಿ. ತಡವಾಯಿತು ಅನ್ನುವುದು ದಾಖಲೆಗೆ ಹೋಗುತ್ತದಲ್ಲ, ಕಚೇರಿಯವರಿಗೆ ಬಿಸಿ ತಾಗುವುದು ಅಲ್ಲಿ.

ಕೊಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ, 7 ವರ್ಷದವರೆಗೆ ಜೈಲಾಗಬಹುದು. ಬಲವಂತಕ್ಕೆ ಕೊಡಬೇಕಾಗಿ ಬಂದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ರಕ್ಷಣೆ ಇದೆ. ಕೊಡುವ ಮೊದಲೇ ಲೋಕಾಯುಕ್ತಕ್ಕೆ ಹೋಗುವುದು ಇನ್ನೂ ಒಳ್ಳೆಯದು. ಶಿವಮೊಗ್ಗದಲ್ಲೇ ಲೋಕಾಯುಕ್ತ ಪೊಲೀಸರ ಕಚೇರಿ ಇದೆ.

ರಸ್ತೆಯ ವಿಷಯಕ್ಕೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಎಸ್ಟಿಮೇಟ್ ಮತ್ತು ಎಂ.ಬಿ. ಪುಸ್ತಕದ ಪ್ರತಿ ಕೇಳುವುದು ಅನೇಕರಿಗೆ ಗೊತ್ತು. ಅದೇ ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕರಿಸಿದ ಮಾದರಿ ಪಡೆಯುವ ಹಕ್ಕು ಕೂಡ ಇದೆ. ಇದನ್ನು ಕೇಳುವವರು ಕಡಿಮೆ. ನಿಮ್ಮೂರ ರಸ್ತೆಗೆ ಡಾಂಬರು ಬೀಳುತ್ತಿದ್ದರೆ ಅರ್ಜಿಯನ್ನು ಮುಂಗಾರಿಗೆ ಮೊದಲೇ ಹಾಕಿ. ಮಳೆ ಶುರುವಾದ ಮೇಲೆ ‘ನೀರಿಗೆ ಕೊಚ್ಚಿಕೊಂಡು ಹೋಯಿತು’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ.