ರೋಬೋಟ್ ಮಂಡಿ ಶಸ್ತ್ರಚಿಕಿತ್ಸೆ: ಕೋನ ನಿರ್ಧರಿಸುವವರು ಯಾರು?

ಹಾಸನದಲ್ಲಿ ನಮ್ಮ ಜೊತೆ ಆರ್ಥೋ ಪೀಜಿ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಮೊದಲೇ ಹೇಳಿಬಿಡುತ್ತೇನೆ: ಕೃತಕ ಮಂಡಿ ಜೋಡಿಸುವಾಗ ರೋಬೋಟ್ ಅನ್ನುವುದು ಅಲೈನ್‌ಮೆಂಟ್ (ಇಂಪ್ಲಾಂಟನ್ನು ಯಾವ ಕೋನದಲ್ಲಿ ಕೂರಿಸಬೇಕು ಅನ್ನುವ) ವಿಧಾನವಲ್ಲ. ಗುರಿ ಕೊಡುವವರು ಸರ್ಜನ್, ಆ ಗುರಿಗೆ ತಕ್ಕಂತೆ ಮೂಳೆ ಕೊಯ್ಯಲು ನೆರವಾಗುವುದು ಯಂತ್ರ. ವೈವಾದಲ್ಲಿ ಇವೆರಡನ್ನೂ ಕಲಸಿಬಿಡುವವರೇ ಜಾಸ್ತಿ.

ಬೇಲೂರು ಕಡೆಯ ಒಬ್ಬ ಅಜ್ಜಿ ಅಂತ ಇಟ್ಟುಕೊಳ್ಳಿ. ಒಳಬದಿ ಸವೆದಿದೆ, ಕಾಲು ಬಿಲ್ಲಿನಂತೆ ಬಾಗಿದೆ. ಟಿಬಿಯಾದ (ಮಂಡಿಯ ಕೆಳಗಿನ ಮೂಳೆ) ಎಂಪಿಟಿಎ, ಅಂದರೆ ಅದರ ಮೇಲ್ತುದಿಯ ಮೇಲ್ಮೈ ಮೂಳೆಯ ಅಕ್ಷದೊಂದಿಗೆ ಒಳಬದಿಯಲ್ಲಿ ಮಾಡುವ ಕೋನ, 84°. ಫೀಮರಿನ (ತೊಡೆಮೂಳೆ) ಎಲ್‌ಡಿಎಫ್‌ಎ, ಅಂದರೆ ಅದರ ಕೆಳತುದಿಯಲ್ಲಿ ಹೊರಬದಿಯ ಅಂಥದೇ ಕೋನ, 88°. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ –4. ಅಂದರೆ ಸವೆತಕ್ಕೂ ಮೊದಲೇ ಈ ಕಾಲಿಗೆ 4° ವೇರಸ್ (ಬಿಲ್ಲಿನಂತೆ ಹೊರಕ್ಕೆ ಬಾಗು) ಇತ್ತು. ಇದೇನು ಅಪರೂಪವಲ್ಲ. ಸರ್ಜನ್ ಬೆಲೆಮನ್ಸ್ ಅವರ ತಂಡ 2012ರಲ್ಲಿ ನೋವಿಲ್ಲದ ಯುವಕ ಯುವತಿಯರನ್ನು ಅಳೆದಾಗ, ಗಂಡಸರಲ್ಲಿ 32%, ಹೆಂಗಸರಲ್ಲಿ 17% ಮಂದಿಗೆ 3° ಅಥವಾ ಹೆಚ್ಚು ವೇರಸ್ ಇತ್ತು.

ಈಗ ಅಲೈನ್‌ಮೆಂಟ್ ವಿಧಾನಗಳಿಗೆ ಬರೋಣ. ಮೆಕ್ಯಾನಿಕಲ್ ವಿಧಾನದಲ್ಲಿ ಎರಡೂ ಮೂಳೆಗೆ 90°, ಕಾಲು ನೆಟ್ಟಗೆ. ಆದರೆ 84° ಇದ್ದ ಟಿಬಿಯಾವನ್ನು 90°ಗೆ ಕೊಯ್ದರೆ ಹೊರಬದಿಯ ಮೂಳೆ ಜಾಸ್ತಿ ಹೋಗುತ್ತದೆ. ಆ ಕಡೆ ಸಡಿಲ, ಒಳಗಡೆ ಬಿಗಿ. ಆಗ ಒಳಬದಿಯ ಲಿಗಮೆಂಟ್ ಸಡಿಲಿಸಬೇಕಾಗುತ್ತದೆ. ಆದರೂ ದಶಕಗಳ ಫಲಿತಾಂಶ ಇರುವುದು ಇದಕ್ಕೇ, ಸುಮ್ನೆ ಹಳೆಯದು ಅಂತ ತಳ್ಳಿಹಾಕಬೇಡಿ.

ಸರ್ಜನ್ ಹೋವೆಲ್ ಶುರುಮಾಡಿದ ಕೈನೆಮ್ಯಾಟಿಕ್ ವಿಧಾನ ಸವೆತಕ್ಕೆ ಮುಂಚಿನ ಮೇಲ್ಮೈಯನ್ನೇ ಮರಳಿ ತರುತ್ತದೆ: 84°, 88°, ಒಟ್ಟು 4° ವೇರಸ್. ಇನ್ನೊಬ್ಬ ಸರ್ಜನ್ ವೆಂಡಿಟೋಲಿ ಅವರ ರಿಸ್ಟ್ರಿಕ್ಟೆಡ್ ಕೈನೆಮ್ಯಾಟಿಕ್ ಇದಕ್ಕೆ ಬೇಲಿ ಹಾಕುತ್ತದೆ. 90°ಯಿಂದ ಪ್ರತಿ ಮೂಳೆಗೆ 5°, ನೇರದಿಂದ ಒಟ್ಟು ಕಾಲಿಗೆ 3° ಮಿತಿ. ಅಜ್ಜಿಯ ಟಿಬಿಯಾವನ್ನು 85°ಗೆ ತಂದು ಫೀಮರನ್ನು ಹಾಗೇ ಬಿಟ್ಟರೆ ಒಟ್ಟು 3° ವೇರಸ್. ಒಂದೇ ಡಿಗ್ರಿ ಬದಲಿಸಿದರೆ ಎರಡೂ ಮಿತಿಯೊಳಗೆ ಬಂತು, ಅಲ್ವಾ?

ಫಂಕ್ಷನಲ್ ವಿಧಾನದಲ್ಲೇ ರೋಬೋಟ್ ನಿಜಕ್ಕೂ ಬೇಕೆನಿಸುವುದು. ಆಸ್ಟಿಯೋಫೈಟ್ (ಅಂಚಿನಲ್ಲಿ ಬೆಳೆದ ಹೆಚ್ಚುವರಿ ಮೂಳೆ) ತೆಗೆದು, ಕಾಲು ಚಾಚಿದಾಗ ಮತ್ತು 90° ಮಡಚಿದಾಗ ಎರಡೂ ಬದಿಯಲ್ಲಿ ಮೂಳೆಗಳ ನಡುವಿನ ಗ್ಯಾಪ್ ಎಷ್ಟು ಮಿಲಿಮೀಟರ್ ಅಂತ ಪರದೆಯಲ್ಲಿ ನೋಡುತ್ತಾರೆ. ಒಳಗಡೆ ಬಿಗಿ ಇದ್ದರೆ ಲಿಗಮೆಂಟ್‌ಗೆ ಕೈ ಹಾಕುವ ಮುನ್ನ, ಇಂಪ್ಲಾಂಟ್‌ನ ಕೋನವನ್ನು ಒಂದೆರಡು ಡಿಗ್ರಿ ತಿದ್ದಿ ನೋಡುತ್ತಾರೆ. ಮೂಳೆ ಕೊಯ್ಯುವ ಮೊದಲೇ ಇದೆಲ್ಲ ಆಗುತ್ತದೆ. ಕೈ ಸಲಕರಣೆಯಲ್ಲಿ ಇಷ್ಟು ಸೂಕ್ಷ್ಮ ತಿದ್ದುಪಡಿ ಕಷ್ಟ.

ಇನ್ನು ಈ ಕೋನಗಳನ್ನು ಅಳೆಯುವ ಪೂರ್ತಿ ಕಾಲಿನ ಎಕ್ಸ್‌ರೇ. ರೋಗಿಯನ್ನು ನಿಲ್ಲಿಸಿಕೊಂಡು, ಮಂಡಿಚಿಪ್ಪು ನೇರ ಮುಂದಕ್ಕೆ ಇರುವಂತೆ ತೆಗೆಸಿ. ಕಾಲು ತಿರುಗಿದ್ದರೆ ಅಥವಾ ಮಂಡಿ ಪೂರ್ತಿ ಚಾಚದಿದ್ದರೆ ಮೇಲಿನ 84, 88 ಎರಡೂ ನಂಬುವ ಹಾಗಿಲ್ಲ.